ಗಾಜಿನ ತೋಟವನ್ನು ಕೆಡವಿದ ಮೀನು

ಅಂಗಡಿಯಲ್ಲಿ ಕಂಡ ನೀಲಿ, ಹಳದಿ ಬಣ್ಣಗಳಿಗೆ ಮರುಳಾಗಿ ಒಂದು ಜೋಡಿ ಸಿಕ್ಲಿಡ್ ಮೀನುಗಳನ್ನು ಮನೆಯ ಅಕ್ವೇರಿಯಂಗೆ ತಂದು ಬಿಟ್ಟವರಿಗೆ ಕೆಲವೇ ದಿನಗಳಲ್ಲಿ ಆಘಾತ ಕಾದಿರುತ್ತದೆ. ನಾಜೂಕಾಗಿ ನೆಟ್ಟಿದ್ದ ಗಿಡಗಳು ಬೇರುಸಹಿತ ಕಿತ್ತು ಮೇಲೆ ತೇಲುತ್ತಿರುತ್ತವೆ. ಸಮನಾಗಿ ಹಾಸಿದ್ದ ಮರಳು ಒಂದೆಡೆ ಗುಡ್ಡೆಯಾಗಿ, ಇನ್ನೊಂದೆಡೆ ತಳದ ಗಾಜು ಕಾಣುವಷ್ಟು ಗುಂಡಿ ಬಿದ್ದಿರುತ್ತದೆ. ಮೊದಲಿನಿಂದ ಇದ್ದ ಸಾಧು ಮೀನುಗಳು ಹರಿದ ರೆಕ್ಕೆಯೊಂದಿಗೆ ಮೂಲೆ ಹಿಡಿದಿರುತ್ತವೆ. ಆಗ ಬೈಗುಳ ಬೀಳುವುದು ಮೀನಿಗೆ. ಆದರೆ ತಪ್ಪು ಮೀನಿನದೋ, ತೊಟ್ಟಿಯದೋ? ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಮೀನು ಸಾಕುವವರಿಗೆ ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಸಿಕ್ಲಿಡ್ ಎಂಬ ಹೆಸರು ಹೊಸದೆನಿಸಿದರೂ ಈ ಕುಟುಂಬ ನಮಗೆ ಅಪರಿಚಿತವೇನಲ್ಲ. ನಮ್ಮ ಕೆರೆಗಳಲ್ಲಿ ಈಗ ಹೇರಳವಾಗಿರುವ, ‘ಜಿಲೇಬಿ’ ಎಂದು ಕರೆಸಿಕೊಳ್ಳುವ ತಿಲಾಪಿಯಾ ಇದೇ ಕುಟುಂಬಕ್ಕೆ ಸೇರಿದ ಆಫ್ರಿಕದ ಮೀನು. ಅದು ಭಾರತಕ್ಕೆ ಬಂದದ್ದು 1952ರಲ್ಲಿ. ಅಕ್ವೇರಿಯಂ ಸೇರಿದ್ದು ಇದರ ಬಣ್ಣಬಣ್ಣದ ಬಂಧುಗಳು.

ತೋಟವಾಗಿ ಹುಟ್ಟಿದ ತೊಟ್ಟಿ

ಅಕ್ವೇರಿಯಂ ಹುಟ್ಟಿದ್ದು ಮೀನಿನ ಮನೆಯಾಗಿ ಎನ್ನುವುದಕ್ಕಿಂತ ಗಿಡದ ಮನೆಯಾಗಿ ಎನ್ನಬೇಕು. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಪತಂಗದ ಕೋಶವೊಂದನ್ನು ಹಸಿ ಮಣ್ಣಿನೊಂದಿಗೆ ಮುಚ್ಚಿದ ಬಾಟಲಿಯಲ್ಲಿಟ್ಟಿದ್ದ. ಹೊಗೆ ತುಂಬಿದ ಆ ನಗರದಲ್ಲಿ ಎಷ್ಟು ಆರೈಕೆ ಮಾಡಿದರೂ ಬದುಕದ ಜರೀಗಿಡ ಬಾಟಲಿಯೊಳಗೆ ತಾನಾಗಿ ಚಿಗುರಿತು. ಗಾಜಿನ ಪೆಟ್ಟಿಗೆಯೊಳಗೆ ಒಂದು ಪುಟ್ಟ ಲೋಕ ತನ್ನಷ್ಟಕ್ಕೆ ತಾನು ಬದುಕಬಲ್ಲದು ಎಂಬ ಕಲ್ಪನೆ ಅಲ್ಲಿಂದ ಹಬ್ಬಿತು.

ಅದನ್ನು ನೀರಿಗೆ ಇಳಿಸಿದವನು ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನ ವಿಜ್ಞಾನಿ. ಎರಡು ಪುಟ್ಟ ಗೋಲ್ಡ್‌ಫಿಷ್‌ಗಳ ಜೊತೆ ವ್ಯಾಲಿಸ್ನೇರಿಯಾ ಎಂಬ ನೀರುಗಿಡ ಬೆಳೆಸಿದ. ಕೊಳೆತ ಎಲೆಗಳಿಂದ ನೀರು ಕೆಟ್ಟಾಗ ಅವನ್ನು ತಿನ್ನಲು ಬಸವನಹುಳುಗಳನ್ನು ಬಿಟ್ಟ. ಗಿಡ ಕೊಟ್ಟ ಆಮ್ಲಜನಕ ಮೀನಿಗೆ, ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ಗಿಡಕ್ಕೆ. 1850ರಲ್ಲಿ ಆತ ಈ ಲೆಕ್ಕಾಚಾರವನ್ನು ಲಂಡನ್ನಿನ ಕೆಮಿಕಲ್ ಸೊಸೈಟಿಯ ಮುಂದಿಟ್ಟ. 1853ರಲ್ಲಿ ಲಂಡನ್ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನುಮನೆ ತೆರೆಯಿತು. ಮರುವರ್ಷ ಬಂದ ಫಿಲಿಪ್ ಹೆನ್ರಿ ಗಾಸ್‌ನ ‘ದಿ ಅಕ್ವೇರಿಯಂ’ ಪುಸ್ತಕ ಈ ಹವ್ಯಾಸವನ್ನು ಸಿರಿವಂತರ ಪಡಸಾಲೆಗೆ ತಂದಿತು.

ಒಳ್ಳೆಯ ಅಕ್ವೇರಿಯಂ ಎಂದರೆ ಹಸಿರು ತೋಟ, ಅದರ ನಡುವೆ ಗಲಾಟೆಯಿಲ್ಲದೆ ಈಜುವ ಮೀನು ಎಂಬ ನಂಬಿಕೆ ಹೀಗೆ ಬೇರೂರಿತು. ಗಿಡ ಕೀಳುವ ಮೀನಿಗೆ ಈ ವ್ಯವಸ್ಥೆಯಲ್ಲಿ ಜಾಗವೇ ಇರಲಿಲ್ಲ.

ಪುಂಡಾಟವಲ್ಲ, ಸಂಸಾರ

ಸಿಕ್ಲಿಡ್ ಮಾಡುತ್ತಿದ್ದುದು ಪುಂಡಾಟವಲ್ಲ, ಸಂಸಾರ. ಅನೇಕ ಮೀನುಗಳು ಮೊಟ್ಟೆಯಿಟ್ಟು ಮುಂದೆ ಹೋಗಿಬಿಡುತ್ತವೆ. ಸಿಕ್ಲಿಡ್ ಹಾಗಲ್ಲ. ಜಾಗ ಆರಿಸಿ, ಗುಂಡಿ ತೋಡಿ, ಗಡಿ ಗುರುತಿಸಿ, ಹತ್ತಿರ ಬಂದವರನ್ನು ಅಟ್ಟಿ, ಮೊಟ್ಟೆ ಮರಿಗಳನ್ನು ಕಾಯುತ್ತದೆ. ಕೆಲವು ಜಾತಿಗಳಲ್ಲಿ ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಸುಮಾರು ಮೂರು ವಾರ ಕಳೆಯುತ್ತದೆ.

ಪ್ರಾಣಿವರ್ತನೆಯ ವಿಜ್ಞಾನಿ ಕೊನ್ರಾಡ್ ಲೊರೆಂಜ್ 1949ರ ತನ್ನ ಪುಸ್ತಕದಲ್ಲಿ ಒಂದು ಪ್ರಸಂಗ ದಾಖಲಿಸಿದ್ದಾನೆ. ಜ್ಯುವೆಲ್ ಫಿಷ್ ಎಂಬ ಸಿಕ್ಲಿಡ್‌ನ ಗಂಡು ಸಂಜೆಯ ಹೊತ್ತು ದಾರಿ ತಪ್ಪಿದ ಮರಿಗಳನ್ನು ಬಾಯಲ್ಲಿ ಹೊತ್ತು ಗೂಡಿಗೆ ಸೇರಿಸುತ್ತಿತ್ತು. ನಡುವೆ ಸಿಕ್ಕಿದ ಎರೆಹುಳುವನ್ನು ಬಾಯಿಗೆ ಹಾಕಿಕೊಂಡ ಹೊತ್ತಿಗೇ ಒಂಟಿ ಮರಿಯೊಂದು ಕಣ್ಣಿಗೆ ಬಿತ್ತು. ಅದನ್ನೂ ಬಾಯಿಗೆ ತೆಗೆದುಕೊಂಡಿತು. ಒಂದನ್ನು ನುಂಗಬೇಕು, ಇನ್ನೊಂದನ್ನು ಉಳಿಸಬೇಕು! ಕೆಲವು ಕ್ಷಣ ಸ್ತಬ್ಧವಾಗಿ ನಿಂತ ಮೀನು ಎರಡನ್ನೂ ಹೊರಗೆ ಉಗುಳಿತು. ಮರಿಯ ಮೇಲೆ ಕಣ್ಣಿಟ್ಟುಕೊಂಡೇ ಹುಳುವನ್ನು ತಿಂದು, ಆಮೇಲೆ ಮರಿಯನ್ನು ಗೂಡಿಗೆ ಒಯ್ದಿತು. ಸುತ್ತ ನಿಂತು ನೋಡುತ್ತಿದ್ದ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರಂತೆ.

ಸರೋವರದ ಪಾಠ

ತೊಟ್ಟಿ ಬದಲಾಗಬೇಕಾದರೆ ಮೀನಿನ ಊರು ತಿಳಿಯಬೇಕಿತ್ತು. ಡೇವಿಡ್ ಲಿವಿಂಗ್‌ಸ್ಟನ್ ತಂಡ 1859ರಲ್ಲಿ ಇಂದಿನ ಮಲಾವಿ ಸರೋವರವನ್ನು ತಲುಪಿತು. ತಂಡದ ವೈದ್ಯ ಜಾನ್ ಕರ್ಕ್ ಸಂಗ್ರಹಿಸಿದ ಮೀನುಗಳನ್ನು 1864ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಆಲ್ಬರ್ಟ್ ಗುಂತರ್ ವರ್ಣಿಸಿದ. 1935ರಲ್ಲಿ ಎಥೆಲ್‌ವಿನ್ ಟ್ರೆವಾವಸ್ ಎಂಬ ವಿದುಷಿ ಆ ಸರೋವರದ ಸಿಕ್ಲಿಡ್‌ಗಳನ್ನು ಕ್ರಮಬದ್ಧವಾಗಿ ಪಟ್ಟಿ ಮಾಡಿದರು. ಆದರೆ ಸೀಸೆಯೊಳಗಿನ ಸತ್ತ ಮೀನು ತನ್ನ ನೆರೆಹೊರೆಯ ಕಥೆ ಹೇಳುವುದಿಲ್ಲ. ಆ ಕಥೆ 1959ರಲ್ಲಿ ಜೆಫ್ರಿ ಫ್ರೈಯರ್‌ನ ಅಧ್ಯಯನದಲ್ಲಿ ಬಂತು. ದಡದ ಜನ ‘ಎಂಬುನಾ’ ಎಂದು ಕರೆಯುವ ಮೀನುಗಳು ಬಂಡೆಗಳ ಸಂದುಗಳಲ್ಲೇ ಬಾಳುತ್ತವೆ, ಬಂಡೆಯ ಮೇಲಿನ ಪಾಚಿಯನ್ನು ಒಂದೊಂದು ಜಾತಿ ಒಂದೊಂದು ಬಗೆಯಲ್ಲಿ ಕೆರೆದು ತಿನ್ನುತ್ತವೆ ಎಂದು ಆತ ತೋರಿಸಿದ.

1960ರ ದಶಕದಲ್ಲಿ ಈ ಮೀನುಗಳು ಜೀವಂತವಾಗಿ ಯೂರೋಪು, ಅಮೆರಿಕಗಳ ಮನೆಗಳನ್ನು ತಲುಪತೊಡಗಿದವು. ಹಳೆಯ ತೋಟವನ್ನು ಕಿತ್ತುಹಾಕುವುದು ಆಗ ಅನಿವಾರ್ಯವಾಯಿತು. ಹೊಸ ವಿನ್ಯಾಸದ ಸೂತ್ರ ಸರಳ: ಗಿಡದ ಬದಲು ಕಲ್ಲು. ಮೊದಲು ತೊಟ್ಟಿಯ ತಳದ ಮೇಲೆ ಬಂಡೆಗಳನ್ನು ಭದ್ರವಾಗಿ ಕೂರಿಸಿ, ಅನಂತರ ಮರಳು ಸುರಿಯಬೇಕು. ಮರಳಿನ ಮೇಲೆ ಕಲ್ಲಿಟ್ಟರೆ ಮೀನು ಬುಡ ತೋಡಿ, ಕಲ್ಲು ಉರುಳಿ ಗಾಜು ಒಡೆದೀತು. ಬಂಡೆಗಳ ನಡುವೆ ಸೋತವನು ಅಡಗಲು, ತಾಯಿ ಮರೆಯಾಗಲು ಪೊಟರೆಗಳಿರಬೇಕು. ಹೊಸ ಮೀನು ಬಿಡುವಾಗ ಕಲ್ಲುಗಳನ್ನೆಲ್ಲ ಒಮ್ಮೆ ಅದಲುಬದಲು ಮಾಡಿದರೆ ಹಳೆಯ ಗಡಿಗಳು ಅಳಿಸಿ, ಜಗಳ ಕಡಿಮೆಯಾಗುತ್ತದೆ. ಟ್ಯಾಂಗನಿಕಾ ಸರೋವರದ ಕೆಲವು ಕುಳ್ಳ ಮೀನುಗಳಿಗಾದರೋ ಕಲ್ಲೂ ಬೇಡ. ಬಸವನಹುಳುವಿನ ಖಾಲಿ ಚಿಪ್ಪೇ ಅವುಗಳ ಮನೆ, ಹೆರಿಗೆಮನೆ ಎರಡೂ.

ನೀರಿನ ಲೆಕ್ಕವೂ ಬದಲಾಯಿತು. ಈ ಸರೋವರಗಳ ನೀರು ಕ್ಷಾರೀಯ. ಅದಕ್ಕಾಗಿ ತೊಟ್ಟಿಯಲ್ಲಿ ಸುಣ್ಣಕಲ್ಲು, ಹವಳದ ಪುಡಿ ಬಳಕೆಗೆ ಬಂದವು. ಬೇಳೆ ಬೇಯದ, ಸೋಪು ನೊರೆಯಾಗದ ನಮ್ಮ ಬೋರ್‌ವೆಲ್ಲಿನ ಗಡಸು ನೀರು ಇತರ ಅನೇಕ ಮೀನುಗಳಿಗೆ ಒಗ್ಗದಿದ್ದರೂ ಈ ಆಫ್ರಿಕದ ಅತಿಥಿಗಳಿಗೆ ಹಿತ. ಮೀನನ್ನು ತೊಟ್ಟಿಗೆ ಹೊಂದಿಸುವ ಬದಲು ತೊಟ್ಟಿಯನ್ನು ಮೀನಿಗೆ ಹೊಂದಿಸುವ ಪಾಠ ಇದು.

ಕೆರೆ ಬರಿದಾದಾಗ

ಈ ಪಾಠ ಬರಿಯ ಹವ್ಯಾಸದ ಮಾತಾಗಿ ಉಳಿಯಲಿಲ್ಲ. ವಿಕ್ಟೋರಿಯಾ ಸರೋವರದಲ್ಲಿ ಸುಮಾರು 500 ಜಾತಿಯ ಸಿಕ್ಲಿಡ್‌ಗಳಿದ್ದವೆಂದು ಅಂದಾಜು. ಆಹಾರಕ್ಕೂ ಆದಾಯಕ್ಕೂ ಒದಗಲೆಂದು 1950ರ ದಶಕದಲ್ಲಿ ಅಲ್ಲಿಗೆ ನೈಲ್ ಪರ್ಚ್ ಎಂಬ ದೈತ್ಯ ಬೇಟೆಗಾರ ಮೀನನ್ನು ತಂದುಬಿಡಲಾಯಿತು. 1980ರ ದಶಕದಲ್ಲಿ ಅದರ ಸಂತತಿ ಸ್ಫೋಟಗೊಂಡಿತು. ಜೊತೆಗೆ ಊರುಗಳ, ಹೊಲಗಳ ಕೊಳೆ ಸೇರಿ ನೀರು ಕೆಟ್ಟಿತು. ನೆದರ್‌ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ತಂಡ 1977ರಿಂದ ಅಲ್ಲಿ ಅಧ್ಯಯನ ನಡೆಸಿತ್ತು. ಕೆಲವೇ ವರ್ಷಗಳಲ್ಲಿ, ಹೆಸರಿಡುವ ಮೊದಲೇ ಎಷ್ಟೋ ಮೀನುಗಳು ಅವರ ಬಲೆಯಿಂದ ಮಾಯವಾದವು. ಕಣ್ಮರೆಯಾದವು ಸುಮಾರು 200 ಜಾತಿಗಳೆಂದು ಲೆಕ್ಕ. ಕೆಲವು ಮುಂದೆ ಚೇತರಿಸಿಕೊಂಡವು. ಇನ್ನು ಕೆಲವನ್ನು ಪ್ರಾಣಿಸಂಗ್ರಹಾಲಯಗಳ, ಹವ್ಯಾಸಿಗಳ ಗಾಜಿನ ತೊಟ್ಟಿಗಳು ಕಾಪಾಡಿಕೊಂಡು ಬಂದವು. ಹತ್ತಿರದ ಜಾತಿಗಳನ್ನು ಒಂದೇ ತೊಟ್ಟಿಯಲ್ಲಿ ಬೆರೆಸಿದರೆ ಮಿಶ್ರತಳಿ ಹುಟ್ಟುವುದರಿಂದ ಅವನ್ನು ಬೇರೆಬೇರೆಯಾಗಿ ಸಾಕುವ ಶಿಸ್ತೂ ಬೇಕು.

ಇಷ್ಟೆಲ್ಲ ಆಫ್ರಿಕದ ಕಥೆಯಾಯಿತು. ಭಾರತಕ್ಕೂ ತನ್ನದೇ ಆದ ಸಿಕ್ಲಿಡ್‌ಗಳಿವೆ, ಮೂರೇ ಮೂರು ಜಾತಿ. ಕೇರಳದವರು ‘ಕರಿಮೀನ್’ ಎನ್ನುವ ಮೀನು ಒಂದು. ಕಿತ್ತಳೆ ಬಣ್ಣದ ಪುಟ್ಟ ಮೀನು ಇನ್ನೊಂದು. ಇದರ ಮರಿಗಳು ತಂದೆತಾಯಿಯ ಮೈಮೇಲಿನ ಲೋಳೆಯನ್ನು ಕಚ್ಚಿ ತಿಂದು ಬೆಳೆಯುತ್ತವೆ. ಮೂರನೆಯದು ಕರ್ನಾಟಕದ್ದೇ. 1877ರಲ್ಲಿ ಫ್ರಾನ್ಸಿಸ್ ಡೇ ಅದಕ್ಕೆ ಕೆನರಾದ ಹೆಸರಿನಲ್ಲೇ ‘ಎಟ್ರೋಪ್ಲಸ್ ಕೆನರೆನ್ಸಿಸ್’ ಎಂದು ನಾಮಕರಣ ಮಾಡಿದ. ಕುಮಾರಧಾರಾ, ನೇತ್ರಾವತಿಗಳ ಸೀಮೆ ಬಿಟ್ಟರೆ ಜಗತ್ತಿನಲ್ಲಿ ಅದಕ್ಕೆ ಬೇರೆ ನೆಲೆಯಿಲ್ಲ.

ವಿದೇಶದ ಹವ್ಯಾಸಿಗಳು ಅದನ್ನೂ ಅಕ್ಕರೆಯಿಂದ ಸಾಕುತ್ತಾರೆ. ಆದರೆ ಕಲ್ಲು, ಮರಳು, ನೀರು ಎಲ್ಲವನ್ನೂ ಅಳೆದು ಜೋಡಿಸಿದ ತೊಟ್ಟಿಯೂ ಹೊಳೆಯ ನಕಲೇ. ಬೇಸರವಾದ ಮೀನನ್ನು ಹತ್ತಿರದ ಕೆರೆಗೋ ಹೊಳೆಗೋ ಸುರಿದು ಬರುವವರು ವಿಕ್ಟೋರಿಯಾದ ಕಥೆಯನ್ನು ನೆನೆಯುವುದು ಒಳಿತು. ಗಾಜಿನ ತೋಟ ಕೆಟ್ಟರೆ ಒಂದು ಭಾನುವಾರದಲ್ಲಿ ಮತ್ತೆ ಕಟ್ಟಬಹುದು. ಹೊಳೆಯನ್ನು ಹಾಗೆ ಕಟ್ಟಲಾಗದು.