ಯೂರಿಯಾದೊಳಗಿನ ಇಂಗಾಲ: ಭಾರತದ ಹಸಿರು ಜಲಜನಕ ಯೋಜನೆಯ ಒಂದು ಲೆಕ್ಕದ ಮರುಪರಿಶೀಲನೆ

2023ರ ಜನವರಿ 4ರಂದು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟ ರಾಷ್ಟ್ರೀಯ ಹಸಿರು ಜಲಜನಕ ಮಿಷನ್‌ನ ಮುಖ್ಯಾಂಶಗಳ ಬಗ್ಗೆ ಹೆಚ್ಚು ತಕರಾರಿಲ್ಲ. ಒಟ್ಟು 19,744 ಕೋಟಿ ರೂಪಾಯಿ ಅನುದಾನದಲ್ಲಿ 17,490 ಕೋಟಿ ಎಲೆಕ್ಟ್ರೊಲೈಸರ್ ಮತ್ತು ಜಲಜನಕ ತಯಾರಕರಿಗೆ ಪ್ರೋತ್ಸಾಹಧನವಾಗಿ ಮೀಸಲು. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಉತ್ಪಾದನೆ, ಅದಕ್ಕೆಂದೇ ಸುಮಾರು 125 ಗಿಗಾವಾಟ್ ನವೀಕರಿಸಬಹುದಾದ ವಿದ್ಯುತ್ ಸಾಮರ್ಥ್ಯ ಗುರಿಯಲ್ಲಿವೆ. ಒಂದು ಕಿಲೋ ಜಲಜನಕದ ಬೆನ್ನಿಗೆ ಎರಡು ಕಿಲೋಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಇರಬಾರದೆಂಬ ಮಾನದಂಡ 2023ರ ಆಗಸ್ಟ್‌ನಲ್ಲಿ ಬಂತು. ದೇಶದ ಜಲಜನಕ ಬೇಡಿಕೆ 2050ರ ವೇಳೆಗೆ ನಾಲ್ಕು ಪಟ್ಟಿಗೂ ಮಿಕ್ಕಿ ಬೆಳೆಯಬಹುದೆಂದು ನೀತಿ ಆಯೋಗದ 2022ರ ವರದಿ ಅಂದಾಜಿಸಿತ್ತು. ಈ ವಿಷಯದ ಬಹುಪಾಲು ಬರಹಗಳ ನಿಲುವು ಒಂದೇ: ಅಡ್ಡಿ ಇರುವುದು ಬೆಲೆಯಲ್ಲಿ; ಸೌರ ವಿದ್ಯುತ್ತು, ಎಲೆಕ್ಟ್ರೊಲೈಸರ್ ಅಗ್ಗವಾದಂತೆ ಗೊಬ್ಬರ ಕಾರ್ಖಾನೆಗಳೂ ತೈಲ ಶುದ್ಧೀಕರಣಾಗಾರಗಳೂ ತಾವಾಗಿಯೇ ಈ ಕಡೆ ವಾಲುತ್ತವೆ.

ಬೆಲೆಯ ವಿಚಾರದಲ್ಲಿ ಈ ನಿಲುವಿಗೆ ಹೊಸ ಬಲವೂ ಸಿಕ್ಕಿದೆ. ಭಾರತೀಯ ಸೌರಶಕ್ತಿ ನಿಗಮ 2025ರಲ್ಲಿ 13 ಗೊಬ್ಬರ ಕಾರ್ಖಾನೆಗಳಿಗಾಗಿ ವರ್ಷಕ್ಕೆ 7.24 ಲಕ್ಷ ಟನ್ ಹಸಿರು ಅಮೋನಿಯಾದ (ಹಸಿರು ಜಲಜನಕದಿಂದ ತಯಾರಾಗುವ ಅಮೋನಿಯಾ) ಹರಾಜು ನಡೆಸಿದಾಗ ಮೊದಲ ಸುತ್ತಿನಲ್ಲೇ ಕಿಲೋಗೆ 55 ರೂಪಾಯಿ 75 ಪೈಸೆಯ ದರ ಬಂತು. ಅದರ ಹಿಂದಿನ ವರ್ಷ ಯುರೋಪಿನ ಎಚ್2ಗ್ಲೋಬಲ್ ಹರಾಜಿನಲ್ಲಿ ನಿಂತ ದರ ಕಿಲೋಗೆ ಸುಮಾರು ನೂರು ರೂಪಾಯಿಗೆ ಸಮ. ಪ್ರೋತ್ಸಾಹಧನದ ಆಸರೆ ಇದ್ದರೂ ಇದು ದೊಡ್ಡ ಸಾಧನೆಯೇ. ಅದನ್ನು ನಾನು ಪ್ರಶ್ನಿಸುತ್ತಿಲ್ಲ. ಪ್ರಶ್ನಿಸುತ್ತಿರುವುದು ಅದರಿಂದ ಎಳೆಯುವ ತೀರ್ಮಾನವನ್ನು. 2034-35ರೊಳಗೆ ಅಮೋನಿಯಾ ಆಧಾರಿತ ಗೊಬ್ಬರಗಳ ಆಮದನ್ನು ಹಸಿರು ಅಮೋನಿಯಾದ ಸ್ವದೇಶಿ ಗೊಬ್ಬರದಿಂದ ತುಂಬಬೇಕೆಂದು ಮಿಷನ್‌ನ ದಾಖಲೆ ಆಶಿಸುತ್ತದೆ. ಯೂರಿಯಾ ಮತ್ತು ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಇವೆರಡೂ ಒಂದೇ ಬಗೆಯ ಸಮಸ್ಯೆಗಳಲ್ಲ. ಡಿಎಪಿಯ ಮಟ್ಟಿಗೆ ಪ್ರಶ್ನೆ ಬೆಲೆಯದು. ಯೂರಿಯಾದ ಮಟ್ಟಿಗೆ ಬೆಲೆ ಎರಡನೆಯ ಪ್ರಶ್ನೆ. ಮೊದಲನೆಯದು ಇಂಗಾಲ ಎಲ್ಲಿಂದ ಬರಬೇಕು ಎಂಬುದು.

ಯೂರಿಯಾದ ಅಣುವಿನಲ್ಲೇ ಇಂಗಾಲವಿದೆ. ಒಂದು ಟನ್ ಯೂರಿಯಾಕ್ಕೆ ಸುಮಾರು 0.57 ಟನ್ ಅಮೋನಿಯಾ, 0.73 ಟನ್ ಇಂಗಾಲದ ಡೈಆಕ್ಸೈಡ್ ಬೇಕು. ನೈಸರ್ಗಿಕ ಅನಿಲದಿಂದ ಜಲಜನಕ ತೆಗೆಯುವ ಕಾರ್ಖಾನೆಯಲ್ಲಿ ಈ ಡೈಆಕ್ಸೈಡ್ ಅದೇ ಅನಿಲದಿಂದ, ಅದೇ ಆವರಣದಲ್ಲಿ, ಪುಕ್ಕಟೆಯಾಗಿ ಹುಟ್ಟುತ್ತದೆ. ಪಣಂಬೂರಿನ ಯೂರಿಯಾ ಕಾರ್ಖಾನೆಯನ್ನೇ ನೋಡಬಹುದು. ದಶಕಗಳ ಕಾಲ ನಾಫ್ತಾ ಬಳಸಿದ ಈ ಘಟಕ, 2021ರ ಜನವರಿಯಲ್ಲಿ ಉದ್ಘಾಟನೆಗೊಂಡ ಕೊಚ್ಚಿ–ಮಂಗಳೂರು ಕೊಳವೆಮಾರ್ಗದ ಅನಿಲಕ್ಕೆ ಬದಲಾಯಿತು. ಕಚ್ಚಾವಸ್ತು ಬದಲಾದರೂ ಜಲಜನಕ ಮತ್ತು ಇಂಗಾಲ ಎರಡನ್ನೂ ಒಂದೇ ಮೂಲದಿಂದ ಪಡೆಯುವ ಕ್ರಮ ಬದಲಾಗಲಿಲ್ಲ. ನೀರನ್ನು ವಿದ್ಯುತ್ತಿನಿಂದ ಒಡೆದಾಗ ಈ ಕ್ರಮವೇ ಕಡಿದುಹೋಗುತ್ತದೆ: ಜಲಜನಕ ಬರುತ್ತದೆ, ಇಂಗಾಲ ಬರುವುದಿಲ್ಲ. ಈಗಿರುವ ಅನಿಲ ಘಟಕಗಳಿಗೆ ಸ್ವಲ್ಪ ಸ್ವಲ್ಪವೇ ಹಸಿರು ಅಮೋನಿಯಾ ಬೆರೆಸುತ್ತ ಹೋಗೋಣವೆಂದರೆ ಅಲ್ಲೂ ಅವಕಾಶ ಕಿರಿದು. ನಾಫ್ತಾಗೆ ಹೋಲಿಸಿದರೆ ಅನಿಲದಲ್ಲಿ ಇಂಗಾಲದ ಪಾಲು ಕಡಿಮೆ. ಹಾಗಾಗಿ ಅನಿಲ ಆಧಾರಿತ ಘಟಕಗಳಲ್ಲಿ ತಯಾರಾದ ಅಮೋನಿಯಾವನ್ನೆಲ್ಲ ಯೂರಿಯಾ ಮಾಡಲು ಡೈಆಕ್ಸೈಡ್ ಈಗಲೇ ತುಸು ಸಾಲದು. ಇಫ್ಕೊ ಸಂಸ್ಥೆ 2006ರಷ್ಟು ಹಿಂದೆಯೇ ಆಂವ್ಲಾ ಮತ್ತು ಫೂಲ್‌ಪುರಗಳಲ್ಲಿ ಚಿಮಣಿ ಹೊಗೆಯಿಂದ ದಿನಕ್ಕೆ ತಲಾ 450 ಟನ್ ಡೈಆಕ್ಸೈಡ್ ಹಿಡಿಯುವ ಘಟಕಗಳನ್ನು ಹಾಕಿದ್ದು ಈ ಕೊರತೆ ನೀಗಿಸಲಿಕ್ಕೆ.

ಇದು ಅಂಚಿನಲ್ಲಿರುವ ತೊಡಕಲ್ಲ. 2023-24ರಲ್ಲಿ ದೇಶ ಸುಮಾರು 314 ಲಕ್ಷ ಟನ್ ಯೂರಿಯಾ ತಯಾರಿಸಿತು. ಅದರೊಳಗೆ ಸೇರಿದ ಅಮೋನಿಯಾ ಸುಮಾರು 178 ಲಕ್ಷ ಟನ್, ಆ ಅಮೋನಿಯಾದೊಳಗಿನ ಜಲಜನಕ 31 ಲಕ್ಷ ಟನ್ನಿಗೂ ಹೆಚ್ಚು. ದೇಶದ ಈಗಿನ ಜಲಜನಕ ಬಳಕೆ ವರ್ಷಕ್ಕೆ 50 ಲಕ್ಷ ಟನ್ ಎಂದು ಮಿಷನ್ ಹೇಳುವುದರಿಂದ, ಅರ್ಧಕ್ಕಿಂತ ಹೆಚ್ಚು ಭಾಗ ಯೂರಿಯಾಕ್ಕೆ ಕಟ್ಟಿಬಿದ್ದಿದೆ. ಇನ್ನೊಂದು ಕಡೆ, ಹರಾಜಾದ 7.24 ಲಕ್ಷ ಟನ್ ಅಮೋನಿಯಾದಲ್ಲಿರುವ ಜಲಜನಕ 1.3 ಲಕ್ಷ ಟನ್ನಿಗೆ ತುಸು ಕಡಿಮೆ. ವರ್ಷಕ್ಕೆ ಸುಮಾರು 25 ಲಕ್ಷ ಟನ್ನಷ್ಟು ಆಮದಾಗುವ ಅಮೋನಿಯಾವನ್ನು ಪೂರ್ತಿ ಹಸಿರಾಗಿಸಿದರೂ ನಾಲ್ಕೂವರೆ ಲಕ್ಷ ಟನ್ ಮುಟ್ಟುವುದಿಲ್ಲ. 50 ಲಕ್ಷದ ಗುರಿಗೆ ಅದು ಹತ್ತನೇ ಒಂದು ಭಾಗಕ್ಕೂ ಕಡಿಮೆ. 'ಗೊಬ್ಬರ ವಲಯದ ಬೇಡಿಕೆ' ಎಂದು ಒಟ್ಟಾಗಿ ತೋರಿಸುವ ಅಂಕಿಯಲ್ಲಿ ಹಸಿರು ಅಮೋನಿಯಾ ನೇರವಾಗಿ ಒಳಹೊಗಬಲ್ಲ ಭಾಗ ಎಷ್ಟು ಚಿಕ್ಕದೆಂಬುದು ಬಿಡಿಸಿ ನೋಡಿದರೆ ಮಾತ್ರ ಕಾಣುತ್ತದೆ.

ಈ ವಾದಕ್ಕೆ ಚರಿತ್ರೆಯ ಸಾಕ್ಷ್ಯವೂ ಇದೆ, ಅದು ಯಾಕೋ ಚರ್ಚೆಗೆ ಬಂದೇ ಇಲ್ಲ. ವಿದ್ಯುದ್ವಿಭಜನೆಯ ಜಲಜನಕದಿಂದ ಗೊಬ್ಬರ ಮಾಡುವುದು ಭಾರತಕ್ಕೆ ಹೊಸತಲ್ಲ. ಪಂಜಾಬಿನ ನಂಗಲ್‌ನಲ್ಲಿ 1961ರಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆ ಭಾಕ್ರಾ-ನಂಗಲ್ ಜಲವಿದ್ಯುತ್ತಿನಿಂದ ನೀರನ್ನು ಒಡೆದು ಅಮೋನಿಯಾ ಮಾಡುತ್ತಿತ್ತು. ದೇಶದ ಮೊದಲ ಭಾರಜಲ ಘಟಕ ಮರುವರ್ಷ ಅಲ್ಲೇ ನೆಲೆಗೊಂಡದ್ದೂ ಈ ವಿದ್ಯುದ್ವಿಭಜನೆಯ ಕಾರಣಕ್ಕೆ. ಆ ಕಾರ್ಖಾನೆ ತಯಾರಿಸಿದ ಗೊಬ್ಬರ ಯೂರಿಯಾ ಅಲ್ಲ, ಕ್ಯಾಲ್ಸಿಯಂ ಅಮೋನಿಯಂ ನೈಟ್ರೇಟ್. 1978ರಲ್ಲಿ ನಂಗಲ್‌ಗೆ ಯೂರಿಯಾ ಬಂದಾಗ ಅದರ ಕಚ್ಚಾವಸ್ತು ಜಲವಿದ್ಯುತ್ತಲ್ಲ, ಉರುವಲು ಎಣ್ಣೆ. ಈಜಿಪ್ಟಿನ ಅಸ್ವಾನ್‌ನಲ್ಲಿ ಅಣೆಕಟ್ಟಿನ ವಿದ್ಯುತ್ತು ನಂಬಿದ್ದ ಕೀಮಾ ಕಾರ್ಖಾನೆಯದೂ ಇದೇ ಕಥೆ: ವಿದ್ಯುದ್ವಿಭಜನೆ ಇದ್ದಷ್ಟು ಕಾಲ ನೈಟ್ರೇಟ್, ಅನಿಲದ ಹೊಸ ಸ್ಥಾವರ ಬಂದ ಮೇಲೆ ಯೂರಿಯಾ. ಜಿಂಬಾಬ್ವೆಯ ಕ್ವೆಕ್ವೆಯಲ್ಲಿದ್ದ ಸೇಬಲ್, ಪೆರುವಿನ ಕುಸ್ಕೊ ಸಮೀಪದ ಕಾಚಿಮಾಯೊ, ಇವೆಲ್ಲಕ್ಕೂ ಹಿರಿಯದಾದ ನಾರ್ವೆಯ ರ್‍ಯೂಕನ್, ಎಲ್ಲವೂ ನೈಟ್ರೇಟ್ ಕಾರ್ಖಾನೆಗಳೇ. ಇಂಗಾಲವಿಲ್ಲದ ಜಲಜನಕ ಇಂಗಾಲವಿಲ್ಲದ ಗೊಬ್ಬರವನ್ನೇ ಹುಡುಕಿಕೊಂಡು ಹೋಗಿದೆ ಎಂಬುದು ನನ್ನ ಪ್ರತಿಪಾದನೆ.

ಇದು ಗಟ್ಟಿ ಮಾತು. ಆದ್ದರಿಂದ ಅದರ ಮಿತಿಗಳನ್ನೂ ಹೇಳಬೇಕು. ನೈಟ್ರೇಟು ಆ ಕಾಲದ ರೂಢಿಯಾಗಿತ್ತು, ಯೂರಿಯಾ ಜಗತ್ತನ್ನು ಆವರಿಸಿದ್ದು ಆಮೇಲೆ. ಹಾಗಾಗಿ ಇದು ರಸಾಯನದ ಒತ್ತಾಯವಲ್ಲ, ಕಾಲಧರ್ಮ ಎಂದು ಯಾರಾದರೂ ಆಕ್ಷೇಪಿಸಬಹುದು. ನಾರ್ವೆಯ ಮಟ್ಟಿಗೆ ಈ ಆಕ್ಷೇಪ ನಿಲ್ಲುತ್ತದೆ. ಆದರೆ ಯೂರಿಯಾ ಯುಗದ ನಟ್ಟನಡುವೆ, 2015ರವರೆಗೂ ವಿದ್ಯುದ್ವಿಭಜನೆ ನಡೆಸಿದ ಸೇಬಲ್ ಕೊನೆಯವರೆಗೂ ಅಮೋನಿಯಂ ನೈಟ್ರೇಟನ್ನೇ ಮಾಡಿತು. ನಂಗಲ್, ಅಸ್ವಾನ್‌ಗಳಲ್ಲಿ ಕಚ್ಚಾವಸ್ತು ಮತ್ತು ಗೊಬ್ಬರ ಎರಡೂ ಒಟ್ಟಿಗೆ ಬದಲಾದವು. ಬೆರಳೆಣಿಕೆಯ ಕಾರ್ಖಾನೆಗಳಿಂದ ನಿಯಮ ಕಟ್ಟಲಾಗದು. ಅಮೋನಿಯಂ ನೈಟ್ರೇಟಿಗಿದ್ದ ಗಣಿ ಸ್ಫೋಟಕದ ಮಾರುಕಟ್ಟೆಯಂಥ ಬೇರೆ ಕಾರಣಗಳೂ ಅಲ್ಲಲ್ಲಿ ಕೆಲಸ ಮಾಡಿವೆ. ಆದರೂ ರಸಾಯನದ ಲೆಕ್ಕ ಮತ್ತು ಚರಿತ್ರೆಯ ನಡೆ ಒಂದೇ ದಿಕ್ಕಿಗೆ ಬೊಟ್ಟು ಮಾಡುವಾಗ ಅದನ್ನು ಆಕಸ್ಮಿಕ ಎನ್ನುವವರ ಮೇಲೆಯೇ ಸಾಬೀತಿನ ಹೊಣೆ ಬೀಳುತ್ತದೆ.

ಇದಕ್ಕಿಂತ ಬಲವಾದ ಆಕ್ಷೇಪ ಬೇರೊಂದಿದೆ: ಡೈಆಕ್ಸೈಡಿಗೇನು ಬರ? ಸಿಮೆಂಟ್ ಗೂಡುಗಳಿಂದಲೋ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಿಂದಲೋ ಹಿಡಿದು ತರಬಹುದಲ್ಲ? ತಾಂತ್ರಿಕವಾಗಿ ತರಬಹುದು; ಇಫ್ಕೊ ಅದನ್ನು ತೋರಿಸಿದೆ. ಪ್ರಮಾಣ ಮಾತ್ರ ಬೇರೆ. 2023-24ರಲ್ಲಿ ಆಮದಾದ ಸುಮಾರು 70 ಲಕ್ಷ ಟನ್ ಯೂರಿಯಾವನ್ನು ಹಸಿರು ಅಮೋನಿಯಾದಿಂದ ಮಾಡಬೇಕಾದರೆ 51 ಲಕ್ಷ ಟನ್ ಡೈಆಕ್ಸೈಡ್ ಬೇಕು. ಆಂವ್ಲಾ, ಫೂಲ್‌ಪುರ ಘಟಕಗಳೆರಡೂ ವರ್ಷವಿಡೀ ಓಡಿದರೆ ಸಿಗುವುದು ಮೂರು ಲಕ್ಷ ಟನ್ನಿನ ಆಸುಪಾಸು. ಅದಕ್ಕಿಂತ ಮುಖ್ಯವಾದದ್ದು, ಹೊಲಕ್ಕೆ ಹಾಕಿದ ಯೂರಿಯಾ ಮಣ್ಣಿನಲ್ಲಿ ಒಡೆದು ಆ ಇಂಗಾಲವನ್ನೆಲ್ಲ ಮತ್ತೆ ಗಾಳಿಗೆ ಬಿಡುತ್ತದೆ. ಕಲ್ಲಿದ್ದಲಿನ ಹೊಗೆಯನ್ನು ಗೊಬ್ಬರದ ಚೀಲದಲ್ಲಿ ತುಂಬಿ ಕೆಲವು ವಾರ ತಡವಾಗಿ ಬಿಟ್ಟರೆ ಅದನ್ನು ಹಸಿರೆಂದು ಕರೆಯುವುದು ಕಷ್ಟ.

ಎಥೆನಾಲ್ ಡಿಸ್ಟಿಲರಿಗಳ ವಿಷಯದಲ್ಲಿ ನನ್ನ ವಾದವನ್ನು ಸಡಿಲಿಸಲೇಬೇಕು. ಹುದುಗುವಿಕೆಯಲ್ಲಿ ಬರುವ ಡೈಆಕ್ಸೈಡ್ ಹೆಚ್ಚುಕಡಿಮೆ ಶುದ್ಧ, ಮತ್ತು ಬೆಳೆ ಗಾಳಿಯಿಂದಲೇ ಹೀರಿಕೊಂಡದ್ದು. ಪೆಟ್ರೋಲಿಗೆ ಬೆರೆಸಲೆಂದು 2023-24ರಲ್ಲಿ ಪೂರೈಕೆಯಾದ ಸುಮಾರು 700 ಕೋಟಿ ಲೀಟರ್ ಎಥೆನಾಲಿನ ಜೊತೆಗೆ ಹುಟ್ಟಿರಬಹುದಾದ ಡೈಆಕ್ಸೈಡ್, ನನ್ನ ಲೆಕ್ಕದಲ್ಲಿ, 50 ಲಕ್ಷ ಟನ್ ದಾಟುತ್ತದೆ. ಕಾಗದದ ಮೇಲೆ ಇದು ಆಮದು ಯೂರಿಯಾದ ಅಗತ್ಯಕ್ಕೆ ಸರಿಸಮ. ನೆಲದ ಮೇಲೆ ಹಾಗಿಲ್ಲ. ರಾಮಗುಂಡಂ ಅಥವಾ ಗೋರಖ್‌ಪುರದಂಥ, ದಿನಕ್ಕೆ 3,850 ಟನ್ ಯೂರಿಯಾ ಮಾಡುವ ಒಂದು ಕಾರ್ಖಾನೆಗೆ ದಿನಾ 2,800 ಟನ್ ಡೈಆಕ್ಸೈಡ್ ಬೇಕು. ದಿನಕ್ಕೆ ಎರಡು ಲಕ್ಷ ಲೀಟರ್ ಸಾಮರ್ಥ್ಯದ ಡಿಸ್ಟಿಲರಿ ಕೊಡುವುದು ಸುಮಾರು 150 ಟನ್. ಅಂದರೆ ಒಂದು ಕಾರ್ಖಾನೆಗೆ ಹದಿನೆಂಟು ಹತ್ತೊಂಬತ್ತು ಡಿಸ್ಟಿಲರಿಗಳು, ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೂ ನಿಲ್ಲದೆ ನಡೆಯಬೇಕು. ಬೆಳಗಾವಿ, ಬಾಗಲಕೋಟೆಗಳಂತೆ ಸಕ್ಕರೆ ಕಾರ್ಖಾನೆಗಳು ಒತ್ತಾಗಿರುವ ಕಡೆ ಸಣ್ಣ ಯೂರಿಯಾ ಘಟಕಗಳು ಸಾಧ್ಯವಾಗಬಹುದು. ಆದ್ದರಿಂದ ಹಸಿರು ಯೂರಿಯಾ ಅಸಾಧ್ಯವೆಂದು ನಾನು ಹೇಳುತ್ತಿಲ್ಲ. ಅದು ಜಲಜನಕದ ಬೆಲೆ ಇಳಿದ ಮಾತ್ರಕ್ಕೆ ಹಿಂಬಾಲಿಸಿ ಬರುವ ಫಲವಲ್ಲ ಎನ್ನುತ್ತಿದ್ದೇನೆ.

ಹಾಗಾದರೆ ಯೂರಿಯಾ ಬಿಟ್ಟು ನೈಟ್ರೇಟಿಗೆ ಮರಳಬಹುದೇ? ಇಲ್ಲಿ ತೀರ್ಪು ಕೊಡುವಷ್ಟು ಆಧಾರ ಇನ್ನೂ ಇಲ್ಲ. ನೀರು ನಿಂತ ಭತ್ತದ ಗದ್ದೆಯಲ್ಲಿ ನೈಟ್ರೇಟ್ ಬಸಿದುಹೋಗುತ್ತದೆ, ಇಲ್ಲವೇ ಅನಿಲವಾಗಿ ಹಾರಿಹೋಗುತ್ತದೆ. ಅಲ್ಲಿ ಅಮೋನಿಯಂ ರೂಪದ ಗೊಬ್ಬರವೇ ಸರಿ. ಮೆಕ್ಕೆಜೋಳ, ಕಬ್ಬು, ತರಕಾರಿಯಲ್ಲಿ ಈ ತೊಡಕು ಕಡಿಮೆ. ಬೆಲೆನೀತಿಯ ತೊಡಕು ಇನ್ನೂ ದೊಡ್ಡದು. ಬೇವಿನ ಲೇಪನದ ವೆಚ್ಚ ಮತ್ತು ತೆರಿಗೆ ಬಿಟ್ಟು 45 ಕಿಲೋ ಯೂರಿಯಾ ಚೀಲಕ್ಕೆ 242 ರೂಪಾಯಿ ಎಂದು ನಿಗದಿಯಾಗಿರುವುದರಿಂದ ರೈತರಿಗೆ ಒಂದು ಕಿಲೋ ಸಾರಜನಕ 12 ರೂಪಾಯಿಯೊಳಗೆ ಸಿಗುತ್ತದೆ. ಮೇಲೆ ಹೇಳಿದ ಹರಾಜಿನ ಅಮೋನಿಯಾದಲ್ಲಿ ಅದೇ ಸಾರಜನಕಕ್ಕೆ 67 ರೂಪಾಯಿಗೂ ಹೆಚ್ಚು. ಈ ಅಂತರವನ್ನು ಯಾರು, ಎಷ್ಟು ಕಾಲ ಹೊರಬೇಕೆಂಬುದು ಸಹಾಯಧನದ ನೀತಿಯ ಪ್ರಶ್ನೆ. ಎಲೆಕ್ಟ್ರೊಲೈಸರ್ ಎಷ್ಟು ಸುಧಾರಿಸಿದರೂ ಅದಕ್ಕೆ ಉತ್ತರ ಸಿಗದು. ಇಂಗಾಲವಿಲ್ಲದ ಸಾರಜನಕ ಗೊಬ್ಬರಗಳು ನಮ್ಮ ಯಾವ ಮಣ್ಣಿಗೆ, ಯಾವ ಬೆಳೆಗೆ ಎಷ್ಟರಮಟ್ಟಿಗೆ ಯೂರಿಯಾದ ಜಾಗ ತುಂಬಬಲ್ಲವೆಂಬ ಕ್ಷೇತ್ರಪ್ರಯೋಗವನ್ನು ಧಾರವಾಡ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯಗಳಂಥ ಸಂಸ್ಥೆಗಳು ಈ ಪ್ರಶ್ನೆ ಇಟ್ಟುಕೊಂಡೇ ಕೈಗೆತ್ತಿಕೊಳ್ಳಬೇಕು. ಮಿಷನ್ ಕೂಡ ತನ್ನ 50 ಲಕ್ಷ ಟನ್ನನ್ನು ಯೂರಿಯಾ, ಇತರ ಗೊಬ್ಬರ, ತೈಲ ಶುದ್ಧೀಕರಣ, ರಫ್ತು ಎಂದು ಬಿಡಿಸಿ ಪ್ರಕಟಿಸಬೇಕು.