ಫ್ಯಾನಿನ ಸ್ವಿಚ್ ಯಾರ ಕೈಲಿರಬೇಕು?

ಸಕಲೇಶಪುರದ ಕಡೆ ನಮ್ಮೂರು. ನಾನು ಬಿ.ಇ. ಓದುವಾಗ ಚಿಕ್ಕಪ್ಪನ ಹಳೇ ಕಾರಿನ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗೋದು ನಿಂತುಹೋಯ್ತು. ಸೆನ್ಸರ್ ಸತ್ತಿತ್ತು. ಹೊಸದು ಹಾಕಿಸೋ ಬದಲು ನಾನು ಬುದ್ಧಿವಂತಿಕೆ ತೋರಿಸಿ, ಡ್ಯಾಶ್‌ಬೋರ್ಡಿಗೆ ಒಂದು ಸ್ವಿಚ್ ಕೂರಿಸಿ ಫ್ಯಾನಿಗೆ ಡೈರೆಕ್ಟ್ ಲೈನ್ ಕೊಟ್ಟೆ. "ಬಿಸಿ ಆದಾಗ ನೀವೇ ಹಾಕ್ಕೊಳ್ಳಿ ಚಿಕ್ಕಪ್ಪ" ಅಂದೆ. ಆರು ತಿಂಗಳಿಗೆ ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ತೆವಳಿಕೊಂಡು ಹತ್ತುವಾಗ ಅವರು ಸ್ವಿಚ್ ಮರೆತರು. ಹೆಡ್ ಗ್ಯಾಸ್ಕೆಟ್ ಹೋಯ್ತು, ಆ ವರ್ಷ ಕಾಫಿ ಮಾರಿದ ದುಡ್ಡಲ್ಲಿ ದೊಡ್ಡ ಪಾಲು ಗ್ಯಾರೇಜಿಗೆ ಹೋಯ್ತು. ಅವರು ನನ್ನನ್ನ ಬೈಯಲಿಲ್ಲ. ಅದೇ ಇವತ್ತಿಗೂ ಚುಚ್ಚುತ್ತೆ.

ಆಮೇಲೆ ಓದಿದಾಗ ಗೊತ್ತಾಯ್ತು, ನಾನು ಒಂದೇ ಮಧ್ಯಾಹ್ನದಲ್ಲಿ ಆ ಕಾರನ್ನ ಎಷ್ಟೋ ವರ್ಷ ಹಿಂದಕ್ಕೆ ತಳ್ಳಿದ್ದೆ ಅಂತ.

1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ನೋಡಿ. ಮೊದಲ ಕೆಲವು ಸಾವಿರ ಕಾರು ಬಿಟ್ಟರೆ ಉಳಿದವಕ್ಕೆ ವಾಟರ್ ಪಂಪೇ ಇರಲಿಲ್ಲ. ಬಿಸಿನೀರು ಮೇಲೇರುತ್ತೆ, ತಣ್ಣೀರು ಕೆಳಗಿಳಿಯುತ್ತೆ. ಆ ಓಟದಲ್ಲೇ ಎಂಜಿನ್ ತಣ್ಣಗಾಗಬೇಕು. ಫ್ಯಾನನ್ನ ಬೆಲ್ಟ್ ಹಾಕಿ ಎಂಜಿನ್ನಿಗೇ ಕಟ್ಟಿದ್ದರು. ನಮ್ಮ ಅಂಬಾಸಿಡರಿಗೆ ಪಂಪ್ ಇತ್ತು, ಫ್ಯಾನ್ ಮಾತ್ರ ಅದೇ ಥರ ಬೆಲ್ಟಿನದ್ದು. ಇದರಲ್ಲೊಂದು ಎಡವಟ್ಟಿದೆ. ಟ್ರಾಫಿಕ್ಕಲ್ಲಿ ನಿಂತಾಗ ಗಾಳಿ ಹೆಚ್ಚು ಬೇಕು, ಆಗ ಎಂಜಿನ್ ನಿಧಾನ, ಫ್ಯಾನೂ ನಿಧಾನ. ಹೈವೇಲಿ ಎದುರುಗಾಳಿಯೇ ಸಾಕು, ಆಗ ಫ್ಯಾನ್ ಸುಮ್ಮನೆ ಎಂಜಿನ್ನಿನ ಶಕ್ತಿ ತಿಂತಾ ತಿರುಗುತ್ತೆ. ಹಾಗಾಗಿ ಬಿಸಿ ಕಾಯೋ ಕೆಲಸ ಡ್ರೈವರಿಂದೇ. ಘಾಟಿ ಹತ್ತುವಾಗ ಕಣ್ಣು ಮುಳ್ಳಿನ ಮೇಲೆ, ಡಿಕ್ಕಿಯಲ್ಲಿ ನೀರಿನ ಕ್ಯಾನು.

1959ರಲ್ಲಿ ಬ್ರಿಟನ್ನಿನ ಮಿನಿ ಕಾರಿಗೆ ಎಂಜಿನ್ನನ್ನ ಅಡ್ಡಡ್ಡ ಕೂರಿಸಿದರು. ಆಗ ಬೆಲ್ಟಿನ ಫ್ಯಾನ್ ಮುಂದಕ್ಕಲ್ಲ, ಪಕ್ಕದ ಚಕ್ರದ ಕಡೆ ಮುಖ ಮಾಡಿತು. ಅವರು ರೇಡಿಯೇಟರನ್ನೂ ಪಕ್ಕಕ್ಕೇ ತಂದಿಟ್ಟರು. ಅಡ್ಡ ಎಂಜಿನ್ ಇಟ್ಟುಕೊಂಡೇ ರೇಡಿಯೇಟರನ್ನ ಮತ್ತೆ ಮುಂದಕ್ಕೆ ತರೋದಕ್ಕೆ ಸುಲಭದ ದಾರಿ ಕರೆಂಟ್ ಫ್ಯಾನ್. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತಲ್ಲ, 796 ಸಿಸಿ, ಮೂರು ಸಿಲಿಂಡರ್. ನಮ್ಮ ಜನಕ್ಕೆ ಈ ಜೋಡಣೆ ಮಾಮೂಲಾಗಿದ್ದು ಆ ಕಾರಿಂದಲೇ.

ಬೆಲ್ಟ್ ಬಿಟ್ಟ ಫ್ಯಾನಿಗೆ ಯಾವಾಗ ತಿರುಗಬೇಕು ಅಂತ ಯಾರಾದ್ರೂ ಹೇಳಬೇಕಲ್ಲ? ಅದಕ್ಕೇ ಸೆನ್ಸರ್. ಹಳೇ ನಮೂನೆಯದು ಹಿತ್ತಾಳೆ ಬೋಲ್ಟಿನಂಥ ಒಂದು ಸ್ವಿಚ್. ಒಳಗೆ ಎರಡು ಲೋಹ ಬೆಸೆದ ಬಿಲ್ಲೆ. ಬಿಸಿಗೆ ಒಂದು ಹೆಚ್ಚು ಹಿಗ್ಗುತ್ತೆ, ಇನ್ನೊಂದು ಕಡಿಮೆ, ಬಿಲ್ಲೆ ಟಕ್ ಅಂತ ಬಾಗುತ್ತೆ. ಈ ಜೋಡಿ ಲೋಹದ ಉಪಾಯವನ್ನ 18ನೇ ಶತಮಾನದಲ್ಲೇ ಜಾನ್ ಹ್ಯಾರಿಸನ್ ತನ್ನ ಹಡಗಿನ ಗಡಿಯಾರಕ್ಕೆ ಬಳಸಿದ್ದ. ಹೊಸ ಕಾರುಗಳಲ್ಲಿ ಥರ್ಮಿಸ್ಟರ್ ಇರುತ್ತೆ, ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಇಳಿಯುತ್ತೆ. ಸಿಲ್ವರ್ ಸಲ್ಫೈಡಿನಲ್ಲಿ ಆ ಗುಣವನ್ನ ಮೈಕೇಲ್ ಫ್ಯಾರಡೆ 1833ರಲ್ಲೇ ಕಂಡಿದ್ದ.

ಹೋದ ತಿಂಗಳು ಊರಿಗೆ ಹೋದಾಗ ಹಿತ್ತಾಳೆಯದೇ ಒಂದು ತಗೊಂಡು ಹೋದೆ. ಮೇಲೆ 92-87 ಅಂತ ಒತ್ತಿತ್ತು. 92 ಡಿಗ್ರಿಗೆ ಫ್ಯಾನ್ ಶುರು, 87ಕ್ಕೆ ಬಂದ್. ನಡುವೆ ಆ 5 ಡಿಗ್ರಿ ಇರದಿದ್ರೆ ಫ್ಯಾನ್ ಕ್ಷಣಕ್ಕೊಮ್ಮೆ ಆನ್ ಆಫ್ ಆಗ್ತಾ ಇರುತ್ತೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲಂಟ್ ಇಳಿಸಿ, ಹೊಸ ವಾಷರ್ ಇಟ್ಟು ಬಿಗಿದೆ. ಫ್ಯಾನಿನ ಭಾರಿ ಕರೆಂಟನ್ನ ಈ ಪುಟ್ಟ ಸ್ವಿಚ್ಚಿನ ಮೇಲೆ ಹೊರಿಸದೆ, ನಡುವೆ ರಿಲೇ, ಫ್ಯೂಸ್ ಹಾಕಿದೆ. ಕೂಲಂಟ್ ತುಂಬಿ, ಒಳಗಿನ ಗಾಳಿ ಹೊರಗೆ ಬಿಟ್ಟು, ಎಂಜಿನ್ ಶುರು ಮಾಡಿ ಕಾದೆ. ಮುಳ್ಳು ನಡುವಿಗೆ ಬಂತು, ಇನ್ನೂ ಸ್ವಲ್ಪ ಮೇಲೇರಿತು, ಎದೆ ಡವಡವ. ಆಮೇಲೆ ಫ್ಯಾನ್ ತಾನೇ ತಿರುಗಿತು.

ಡ್ಯಾಶ್‌ಬೋರ್ಡಲ್ಲಿ ಸ್ವಿಚ್ ಕಿತ್ತ ತೂತು ನೋಡಿ ಚಿಕ್ಕಪ್ಪ ಕೇಳಿದರು, "ಹಂಗಾದ್ರೆ ಇನ್ನು ಮುಳ್ಳು ನೋಡೋದು ಬ್ಯಾಡ್ವೇನೋ?"

"ನೋಡಿ ಚಿಕ್ಕಪ್ಪ" ಅಂದೆ. ನೀರೇ ಸೋರಿಹೋದ್ರೆ ಸೆನ್ಸರ್ ಮುಳುಗಿರಲ್ಲ, ಬಿಸಿ ಅದಕ್ಕೆ ಸರಿಯಾಗಿ ತಟ್ಟಲ್ಲ. ಅವರು ಮಾತಾಡದೆ ಡಿಕ್ಕಿ ತೆಗೆದು ತೋರಿಸಿದರು. ನೀರಿನ ಕ್ಯಾನು ಅಲ್ಲೇ ಇತ್ತು.