ಲಿಪಿ ಇಲ್ಲದ ಮಾತಿಗೆ ರೇಡಿಯೋ

ಭದ್ರಾವತಿ ಎಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಎರಡು: ಕಬ್ಬಿಣದ ಕಾರ್ಖಾನೆ, ಆಕಾಶವಾಣಿ. 1923ರಲ್ಲಿ ಉತ್ಪಾದನೆ ಶುರುಮಾಡಿದ ಕಾರ್ಖಾನೆಗೆ ತಮಿಳು, ತೆಲುಗು, ಉರ್ದು ಮಾತಾಡುವವರೂ ಕೆಲಸ ಹುಡುಕಿ ಬಂದರು. 1965ರಲ್ಲಿ ರೇಡಿಯೋ ಕೇಂದ್ರ ಬಂತು. ಮಲೆನಾಡಿನ ಮನೆಮನೆಗೂ ಅದು ಕನ್ನಡದ ದನಿಯಾಯಿತು.

ಆದರೆ ಒಂದು ತರಂಗಾಂತರದಲ್ಲಿ ಒಂದು ಹೊತ್ತಿಗೆ ಒಂದೇ ಮಾತು ಕೇಳಿಸುತ್ತದೆ. ಕಡಿಮೆ ಜನರ ಭಾಷೆಗೆ ಸಮಯ ಸಿಗುವುದು ಕಷ್ಟ.

ಶಿವಮೊಗ್ಗದ ಪಕ್ಕದ ಮತ್ತೂರನ್ನು ಜಗತ್ತು ಸಂಸ್ಕೃತ ಗ್ರಾಮವೆಂದು ಗುರುತಿಸುತ್ತದೆ. ಅಲ್ಲಿನ ಅನೇಕ ಮನೆಗಳ ಮಾತು ಮಾತ್ರ ಸಂಕೇತಿ. ಸಂಸ್ಕೃತಕ್ಕೆ 1974ರಿಂದ ಆಕಾಶವಾಣಿ ವಾರ್ತೆ ಇದೆ. ಅಡುಗೆಮನೆಯ ಸಂಕೇತಿಗೆ ಇಲ್ಲ.

ನಮ್ಮ ತಾಂಡಾಗಳ ಲಂಬಾಣಿಯ ಕಥೆ ಇನ್ನೊಂದು. 2011ರ ಜನಗಣತಿಯಲ್ಲಿ ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು ಜನ ಇದನ್ನು ತಾಯ್ನುಡಿ ಎಂದು ಬರೆಸಿದರು. ಪಟ್ಟಿಯಲ್ಲಿ ಅದು ಸೇರಿದ್ದು ಹಿಂದಿಯ ಲೆಕ್ಕಕ್ಕೆ.

ಈ ಎರಡಕ್ಕೂ ಸ್ವಂತ ಲಿಪಿ ಇಲ್ಲ. ಹಾಡು, ಗಾದೆ, ಕಥೆ ಎಲ್ಲವೂ ಬಾಯಲ್ಲೇ ಉಳಿದಿವೆ. ಹಾಗಾಗಿ ಪುಸ್ತಕಕ್ಕಿಂತ ಮೊದಲು ಇವಕ್ಕೆ ಬೇಕಾದದ್ದು ದನಿ.

ಇತಿಹಾಸ ನೋಡಿ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದ್ದರು. ಮುಂದೆ ಅದು ಸರ್ಕಾರದ ಕೈಸೇರಿತು. ಗಾಳಿಯಲ್ಲಿನ ಅಲೆಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಸಂಘ ಸಂಸ್ಥೆಗಳಿಗೆ ಸಮುದಾಯ ರೇಡಿಯೋ ನಡೆಸುವ ಅವಕಾಶ ಸಿಕ್ಕಿದ್ದು 2006ರಲ್ಲಿ. ಮಂಗಳೂರಿನ ರೇಡಿಯೋ ಸಾರಂಗ್ ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿಯಲ್ಲೂ ಮಾತಾಡುತ್ತದೆ. ಆದರೆ ಸಮುದಾಯ ರೇಡಿಯೋಗೆ ಲೈಸೆನ್ಸ್ ಬೇಕು, ಟವರ್ ಬೇಕು. ದನಿ ಮುಟ್ಟುವುದು ಸುತ್ತಲಿನ ಹತ್ತು ಹದಿನೈದು ಕಿಲೋಮೀಟರ್.

ಇಂಟರ್ನೆಟ್ ರೇಡಿಯೋಗೆ ತರಂಗಾಂತರವೂ ಬೇಡ, ಟವರೂ ಬೇಡ. ಒಂದು ಮೊಬೈಲ್, ಗದ್ದಲವಿಲ್ಲದ ಕೋಣೆ, ಒಳ್ಳೆಯ ಮೈಕ್ ಇದ್ದರೆ ಶುರು. ತಾಂಡಾದ ಹಾಡನ್ನು ಕಬ್ಬು ಕಡಿಯಲು ದೂರ ಹೋದವರೂ ಕೇಳಬಹುದು, ಬೆಂಗಳೂರಿನ ಮಗಳೂ ಕೇಳಬಹುದು.

ತೊಡಕೂ ಇದೆ. ಹಳೆಯ ರೇಡಿಯೋ ಎರಡು ಸೆಲ್ ಹಾಕಿದರೆ ಕಾಡಿನಂಚಲ್ಲೂ ಹಾಡುತ್ತಿತ್ತು. ಇದಕ್ಕೆ ನೆಟ್‌ವರ್ಕ್ ಬೇಕು, ಡೇಟಾ ಬೇಕು. ಅದಕ್ಕೇ ಕಾರ್ಯಕ್ರಮವನ್ನು ಚಿಕ್ಕ ಆಡಿಯೋ ಫೈಲ್ ಮಾಡಿ ವಾಟ್ಸಾಪ್‌ನಲ್ಲೂ ಹಂಚಬೇಕು. ನೆಟ್‌ವರ್ಕ್ ಸಿಕ್ಕಾಗ ಇಳಿಸಿಕೊಂಡರೆ ಆಮೇಲೆ ಎಲ್ಲಿ ಬೇಕಾದರೂ ಕೇಳಬಹುದು.

ಯಂತ್ರ ನಾಳೆಯೂ ಸಿಗುತ್ತದೆ. ಹಾಡು ಬಲ್ಲ ಅಜ್ಜಿಯರು ಸಿಗುವುದು ಇವತ್ತು. ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ, ಅವರ ಒಪ್ಪಿಗೆ ಪಡೆದು ಈ ವಾರವೇ ಒಂದು ಹಾಡು ರೆಕಾರ್ಡ್ ಮಾಡಿ. ಹೆಸರು, ಊರು, ತಾರೀಖು ಹೇಳಿಸುವುದನ್ನು ಮರೆಯಬೇಡಿ. ರೇಡಿಯೋ ಶುರುವಾಗುವುದು ಅಲ್ಲಿಂದಲೇ.